ವಾತಾವರಣದ ಒತ್ತಡದ ಪಾಠಕ್ಕೆ ಕಾರಿನ ಬ್ರೇಕ್ ಬೂಸ್ಟರ್

ಎಂಟನೆಯ ತರಗತಿಯ ‘ಬಲ ಮತ್ತು ಒತ್ತಡ’ ಘಟಕದಲ್ಲಿ ವಾತಾವರಣದ ಒತ್ತಡಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಕೊಡುವ ಉದಾಹರಣೆಗಳು ಹೆಚ್ಚುಕಡಿಮೆ ಒಂದೇ: ಗೋಡೆಗೆ ಅಂಟುವ ರಬ್ಬರ್ ಬಿಲ್ಲೆ, ಸ್ಟ್ರಾದಲ್ಲಿ ಏರುವ ಎಳನೀರು, ಮಗುಚಿದ ಲೋಟಕ್ಕೆ ಅಂಟಿ ನಿಲ್ಲುವ ಕಾಗದ. ಇವುಗಳಲ್ಲಿ ತಪ್ಪಿಲ್ಲ. ಆದರೆ ಮೂರೂ ಮುಗಿದ ಮೇಲೂ ಮಕ್ಕಳ ಬಾಯಲ್ಲಿ ‘ನಿರ್ವಾತ ಎಳೆಯುತ್ತದೆ’ ಎಂಬ ಮಾತೇ ಉಳಿಯುತ್ತದೆ. ಹೊರಗಿನ ಗಾಳಿ ತಳ್ಳುತ್ತದೆ ಎಂಬುದು ಮನಸ್ಸಿಗೆ ಇಳಿಯಬೇಕಾದರೆ ಆ ತಳ್ಳುವಿಕೆ ಒಂದು ದೊಡ್ಡ ಕೆಲಸ ಮಾಡುವುದನ್ನು ಅವರು ನೋಡಬೇಕು. ಬೋಧನಾಭ್ಯಾಸದ ಎರಡನೆಯ ಸುತ್ತಿನಲ್ಲಿ ಇದಕ್ಕಾಗಿ ಕಾರಿನ ಬ್ರೇಕ್ ಬೂಸ್ಟರನ್ನು ಆರಿಸಿಕೊಂಡೆ. ಶಾಲೆ ಇದ್ದದ್ದು ಘಟ್ಟದ ಅಂಚಿನಲ್ಲಿ. ತರಗತಿಯ 31 ಮಕ್ಕಳಲ್ಲಿ ಹಲವರ ಮನೆಯಲ್ಲಿ ಪಿಕಪ್, ಜೀಪು, ಬಾಡಿಗೆ ಕಾರು ಓಡಿಸುವವರಿದ್ದರು.

ಬ್ರೇಕ್ ಪೆಡಲ್‌ಗೂ ಮಾಸ್ಟರ್ ಸಿಲಿಂಡರ್‌ಗೂ ನಡುವೆ ಇರುವ ದುಂಡನೆಯ ತಗಡಿನ ಡಬ್ಬಿಯೇ ಬೂಸ್ಟರ್. ಒಳಗಿನ ರಬ್ಬರ್ ಡಯಾಫ್ರಾಮ್ ಅದನ್ನು ಎರಡು ಕೋಣೆಗಳಾಗಿ ಮಾಡುತ್ತದೆ. ಪೆಡಲ್ ಮುಟ್ಟದಿರುವಾಗ ಎರಡು ಕೋಣೆಗಳಲ್ಲೂ ಗಾಳಿ ಕಡಿಮೆ. ಪೆಡಲ್ ಒತ್ತಿದರೆ ಎರಡರ ನಡುವಿನ ದಾರಿ ಮುಚ್ಚಿ, ಪೆಡಲ್ ಕಡೆಯ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಡಯಾಫ್ರಾಮ್ ಮುಂದಕ್ಕೆ ಹೋಗಿ ಮಾಸ್ಟರ್ ಸಿಲಿಂಡರಿನ ದಂಡವನ್ನು ತಳ್ಳುತ್ತದೆ. ಡಯಾಫ್ರಾಮಿನ ವ್ಯಾಸ 20 ಸೆಂ.ಮೀ. ಇದ್ದು ಒತ್ತಡದ ವ್ಯತ್ಯಾಸ 60 ಕಿಲೋಪ್ಯಾಸ್ಕಲ್ ಇದ್ದರೆ ಬಲ ಸುಮಾರು 1,880 ನ್ಯೂಟನ್. ಕಪ್ಪುಹಲಗೆಯ ಮೇಲೆ ಇದನ್ನು ‘ಸುಮಾರು 190 ಕೆ.ಜಿ. ತೂಕ’ ಎಂದು ಬರೆದೆ. ಕೂಡಲೇ ಹಿಂದಿನ ಬೆಂಚು ‘ಸುಮಾರು ನಾಲ್ಕು ಮೂಟೆ ಸಿಮೆಂಟ್’ ಎಂದು ತಿದ್ದಿತು. ಅದೇ ಒಳ್ಳೆಯ ಲೆಕ್ಕ.

ಪೆಟ್ರೋಲ್ ಕಾರಿನಲ್ಲಿ ಈ ನಿರ್ವಾತ ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ಸಿಗುತ್ತದೆ. ಡೀಸೆಲ್‌ನಲ್ಲಿ ಅಲ್ಲಿ ಸಾಕಷ್ಟು ಸಿಗದ ಕಾರಣ ಎಂಜಿನ್ನೇ ತಿರುಗಿಸುವ ಪಂಪ್ ಇರುತ್ತದೆ. ಎಂಜಿನ್ ತೆಗೆದು ವಿದ್ಯುತ್ ಮೋಟಾರು ಕೂರಿಸಿದರೆ ಎರಡೂ ಇಲ್ಲ. ತಾಲ್ಲೂಕು ಕೇಂದ್ರದ ಗ್ಯಾರೇಜೊಂದರಲ್ಲಿ ಹಳೆಯ ಪೆಟ್ರೋಲ್ ಕಾರಿಗೆ ಅನುಮೋದಿತ ಕಿಟ್ ಹಾಕುತ್ತಿದ್ದರು. ಅದರ ಬೂಸ್ಟರಿಗೆ 12 ವೋಲ್ಟಿನ ನಿರ್ವಾತ ಪಂಪ್ ಜೋಡಿಸುವುದನ್ನು ಪಾಠಯೋಜನೆ ಬರೆಯುವ ಮುನ್ನ ಎರಡು ಬೆಳಿಗ್ಗೆ ನಿಂತು ನೋಡಿದೆ. ಪಂಪ್ ನಡುಗುವುದರಿಂದ ಅದನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸಿದರು. ಪಂಪಿಗೂ ಬೂಸ್ಟರಿಗೂ ನಡುವೆ ಏಕಮುಖ ವಾಲ್ವ್ ಮತ್ತು ಒಂದು ಸಣ್ಣ ಟ್ಯಾಂಕ್. ನಿರ್ವಾತ ಕಡಿಮೆಯಾದರೆ ಪಂಪನ್ನು ಓಡಿಸಿ, ಸಾಕಾದಾಗ ನಿಲ್ಲಿಸಲು ಒತ್ತಡದ ಸ್ವಿಚ್. ಪಂಪಿನ ಕರೆಂಟು ಆ ಸ್ವಿಚ್ಚಿನ ಮೂಲಕ ನೇರವಾಗಿ ಹರಿಯುವುದಿಲ್ಲ. ಸ್ವಿಚ್ಚು ರಿಲೇಯನ್ನು ಮಾತ್ರ ಎಬ್ಬಿಸುತ್ತದೆ. ಸಾಧಾರಣ ಪೆಟ್ರೋಲ್ ಪೈಪ್ ಹಾಕದೆ ದಪ್ಪ ಗೋಡೆಯ ಪೈಪ್ ಹಾಕಿದ್ದು ಏಕೆಂದು ಕೇಳಿದೆ. ‘ಅದು ಚಪ್ಪಟೆ ಆಗ್ಬಿಡುತ್ತೆ ಮೇಡಂ, ಹೊರಗಿನ ಗಾಳಿ ಬಿಡಲ್ಲ’ ಎಂದರು ಮೆಕ್ಯಾನಿಕ್. ನಾನು ಹುಡುಕುತ್ತಿದ್ದ ವಾಕ್ಯವೇ ಅದು. ಕೊನೆಗೆ ಪಂಪ್ ನಿಂತ ಮೇಲೆ ಪೆಡಲ್ ಮುಟ್ಟದೆ ಸುಮ್ಮನೆ ಕಿವಿಗೊಟ್ಟು ನಿಂತರು. ಯಾರೂ ಮುಟ್ಟದೆಯೇ ಪಂಪ್ ಮತ್ತೆ ಓಡಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ.

ತರಗತಿಯ ಮಾದರಿಗೆ ಒಂದೇ ಅಳತೆಯ ಎರಡು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳ ಬಾಯಿಗೆ ಬಾಯಿ ಸೇರಿಸಿ, ನಡುವೆ ಬಲೂನಿನ ಹಾಳೆ ಬಿಗಿದು ಎಂ-ಸೀಲ್ ಮೆತ್ತಿದೆ. ಡಬ್ಬಿಗಳನ್ನು ಜೋಡಿಸುವ ನಳಿಕೆಗೆ ಒಂದು ಕ್ಲಿಪ್, ಹೊರಗಾಳಿಯ ನಳಿಕೆಗೆ ಇನ್ನೊಂದು. ಪಂಪ್ ಎಂದರೆ 60 ಮಿ.ಲೀ. ಸಿರಿಂಜು ಮತ್ತು ಮೀನಿನ ತೊಟ್ಟಿಗೆ ಹಾಕುವ ಎರಡು ಏಕಮುಖ ವಾಲ್ವ್. ಎರಡೂ ಡಬ್ಬಿಗಳಿಂದ ಗಾಳಿ ತೆಗೆದಾಗ ಹಾಳೆ ಅಲುಗಲಿಲ್ಲ. ನಂತರ ಜೋಡಿಸುವ ನಳಿಕೆ ಮುಚ್ಚಿ, ಹೊರಗಾಳಿಯ ಕ್ಲಿಪ್ ತೆರೆದಾಗ ಹಾಳೆ ಆಚೆ ಡಬ್ಬಿಯೊಳಕ್ಕೆ ಉಬ್ಬಿತು.

ಇಲ್ಲಿಗೆ ಪಾಠ ಮುಗಿಯಬೇಕಿತ್ತು. ಆದರೆ ಒಬ್ಬ ವಿದ್ಯಾರ್ಥಿನಿ ಎದ್ದು, ‘ಮೊದಲು ಎರಡೂ ಕಡೆ ಸಮ ಎಳೀತಿತ್ತು ಟೀಚರ್, ಈಗ ಒಂದು ಕಡೆ ಮಾತ್ರ ಎಳೀತಿದೆ’ ಎಂದಳು. ಈ ವಾದವನ್ನು ಮಾದರಿಯೊಂದೇ ಉರುಳಿಸಲಾರದು. ಹಾಗಾಗಿ ಘಟ್ಟವನ್ನೇ ಕರೆದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್, 1,000 ಮೀಟರ್ ಎತ್ತರದಲ್ಲಿ ಸುಮಾರು 90. ಎರಡೂ ಕಡೆ ಡಬ್ಬಿಯನ್ನು ಪೂರ್ತಿ ಬರಿದು ಮಾಡಿದರೂ ಮೇಲೆ ಸಿಗುವ ಬಲ ಕಡಿಮೆ. ಕೆಳಗೂ ಮೇಲೂ ‘ಏನೂ ಇಲ್ಲದ್ದು’ ಒಂದೇ ತಾನೇ? ಹಾಗಾದರೆ ಬದಲಾದದ್ದು ಯಾವುದು? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೊರಗಿನ ಗಾಳಿ’ ಎಂದಳು. ‘ಎಳೆಯುತ್ತದೆ’ ಎಂಬ ಕಲ್ಪನೆಯನ್ನು ನಿಜವಾಗಿ ಪರೀಕ್ಷಿಸುವ ಪ್ರಶ್ನೆ ಇದೇ ಎಂದು ನನಗನಿಸುತ್ತದೆ. ಪಾಠಯೋಜನೆಯಲ್ಲಿ ಇದಕ್ಕೆ ಹತ್ತು ನಿಮಿಷ ಇಡಬಹುದು.

ಇನ್ನೊಬ್ಬ ಹುಡುಗ ಹೇಳಿದ್ದು: ‘ನಮ್ಮಪ್ಪ ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡ್ತಾರೆ, ಪೆಟ್ರೋಲ್ ಉಳೀತದೆ ಅಂತ.’ ತರಗತಿ ನಕ್ಕಿತು. ಅಪ್ಪ ತಪ್ಪು ಎಂದು ಅಲ್ಲಿ ಹೇಳುವುದು ಸರಿಯಲ್ಲ. ಸುಮ್ಮನಿರುವುದು ಅದಕ್ಕಿಂತ ಕೆಟ್ಟದ್ದು. ಸಿರಿಂಜನ್ನು ಬದಿಗಿಟ್ಟು ಅವನ ಕೈಗೇ ಕ್ಲಿಪ್‌ಗಳನ್ನು ಕೊಟ್ಟೆ. ಒಮ್ಮೆ ‘ಬ್ರೇಕ್’ ಹಾಕಿದ, ಬಿಟ್ಟ. ಮತ್ತೆ ಹಾಕಿದ, ಬಿಟ್ಟ. ಡಬ್ಬಿಗಳು ಒಂದೇ ಅಳತೆಯವಾದ್ದರಿಂದ ಪ್ರತಿ ಸಲ ಒತ್ತಡದ ವ್ಯತ್ಯಾಸ ಸುಮಾರು ಅರ್ಧಕ್ಕಿಳಿಯುತ್ತದೆ: 60, 30, 15. ನಾಲ್ಕನೆಯ ಸಲ ಹಾಳೆ ಅಲುಗಿದ್ದು ಕಾಣಲೇ ಇಲ್ಲ. ಕಾರಿನಲ್ಲೂ ಎಂಜಿನ್ ನಿಂತರೆ ಏಕಮುಖ ವಾಲ್ವ್ ಹಿಡಿದಿಟ್ಟದ್ದು ಕೆಲವೇ ಬ್ರೇಕಿಗೆ ಸಾಕು. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಇರುತ್ತದೆ, ನಾಲ್ಕು ಮೂಟೆಯ ನೆರವು ಇರುವುದಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ತಾವೇ ಪೆಟ್ರೋಲ್ ನಿಲ್ಲಿಸುತ್ತವೆ ಎಂಬುದನ್ನೂ ಸೇರಿಸಿದೆ.

ಮಾದರಿಯನ್ನು ಶನಿವಾರ ಅವನೊಂದಿಗೆ ಮನೆಗೆ ಕಳಿಸಿದೆ. ಸೋಮವಾರ ಅದರೊಂದಿಗೆ ಅಪ್ಪನ ಪ್ರಶ್ನೆಯೂ ಬಂತು: ಡೀಸೆಲ್ ಪಿಕಪ್ಪಿಗೂ ಹೀಗೇನಾ? ಹೌದು, ಅದರ ಪಂಪನ್ನು ತಿರುಗಿಸುವುದು ಎಂಜಿನ್ನೇ ಎಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಚಿತ್ರ ಹಾಕಿ ಕಳಿಸಿದೆ.