ಆರೂರಿನಲ್ಲಿ ಹುಟ್ಟಿದ ದನಿ

ಪ್ರೀತಿಯ ಮಾಣಿಗೆ,

ಮಣಿಪಾಲದ ಹಾಸ್ಟೆಲ್ಲಿನಲ್ಲಿ ಗೆಳೆಯರೆಲ್ಲ ಸೇರಿ ಫ್ರಾಂಕ್ ಸಿನಾತ್ರಾನ ಹಳೆಯ ಹಾಡು ಕೇಳುತ್ತೀರಂತೆ. ಅಂಥವರು ನಮ್ಮಲ್ಲಿ ಯಾರಿದ್ದರು ಅಂತ ಕೇಳಿದ್ದೀಯ. ಇದ್ದರು ಮಾರಾಯ, ದೂರದಲ್ಲೂ ಅಲ್ಲ. ಬ್ರಹ್ಮಾವರದ ಹತ್ತಿರದ ಆರೂರಿನಲ್ಲಿ 1914ರಲ್ಲಿ ಪಾಂಡೇಶ್ವರ ಕಾಳಿಂಗರಾಯರು ಹುಟ್ಟಿದರು. ಸಿನಾತ್ರಾ ಹುಟ್ಟಿದ್ದು ಮರುವರ್ಷ.

ತಂದೆ ಯಕ್ಷಗಾನ ಕಲಾವಿದರು. ಮಗ ಎಳೆಯ ವಯಸ್ಸಿಗೇ ನಾಟಕ ಕಂಪೆನಿ ಸೇರಿದರು. ಆ ಕಾಲದ ಕಂಪೆನಿ ನಾಟಕ ಅಂದರೆ ಮೈಕಿಲ್ಲದ ರಂಗ. ಹಾರ್ಮೋನಿಯಂ, ತಬಲಾಗಳ ಮೇಲೆ ದನಿಯೆತ್ತಿ ಕಟ್ಟಕಡೆಯ ಚಾಪೆಯವನಿಗೂ ಕೇಳಿಸಬೇಕು. ಅಲ್ಲಿ ಪಳಗಿದ ಗಂಟಲಿನ ಮುಂದೆ ಮೈಕು ಬಂತು, ಗ್ರಾಮಫೋನ್ ಬಂತು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿ, ಅವನ ಹಿಂದೆ ಸಿನಾತ್ರಾ, ಇನ್ನು ಕೂಗಬೇಕಾಗಿಲ್ಲ, ಕೇಳುವವನ ಕಿವಿಯಲ್ಲೇ ಹೇಳಬಹುದು ಎಂದು ತೋರಿಸಿಕೊಟ್ಟರು. ಕಾಳಿಂಗರಾಯರ ದನಿ ಅವರ ಹಾಗೆ ಪಿಸುಗುಡುವುದಲ್ಲ, ಗಟ್ಟಿ ದನಿ. ಆದರೂ ಒಂದೊಂದು ಅಕ್ಷರವೂ ಬಿಡಿಯಾಗಿ, ಸ್ವಚ್ಛವಾಗಿ ಕೇಳುತ್ತದೆ.

ಇದಕ್ಕೊಂದು ಕಾರಣ ಗ್ರಾಮಫೋನ್ ತಟ್ಟೆಯಲ್ಲೇ ಇತ್ತು ಅಂತ ನನಗನಿಸುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ಆಲಾಪನೆಗೆ ಅಲ್ಲಿ ಜಾಗವಿಲ್ಲ. ಕವಿಯ ಮಾತಿಗೇ ಮೊದಲ ಮಣೆ. ಶಾಸ್ತ್ರೀಯ ಸಂಗೀತ ಬಲ್ಲ ರಾಯರು ಅದನ್ನು ಹಿಂದೆ ಸರಿಸಿ ಕವಿತೆಯನ್ನು ಮುಂದಿಟ್ಟರಲ್ಲ, ಅದು ಸಣ್ಣ ಕೆಲಸವಲ್ಲ. ಬೇಂದ್ರೆ, ಕುವೆಂಪು, ರಾಜರತ್ನಂ ಇವರ ಹೆಸರನ್ನೇ ಕೇಳದವರ ಬಾಯಲ್ಲೂ ಆ ಪದ್ಯಗಳು ಕುಳಿತದ್ದು ಹೀಗೆ. ಇವತ್ತು ನಾವು ಸುಗಮ ಸಂಗೀತ ಅನ್ನುವುದಕ್ಕೆ ದಾರಿ ಕಡಿದವರು ಅವರು. ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಎಲ್ಲ ಆಮೇಲೆ ಆ ದಾರಿಯಲ್ಲಿ ನಡೆದವರು.

ಸಿನೆಮಾವನ್ನೂ ಅವರು ಬಿಟ್ಟವರಲ್ಲ. 1947ರ ‘ಕೃಷ್ಣಲೀಲಾ’ಕ್ಕೆ ಸಂಗೀತ ಕೊಟ್ಟರು. ಅವರು ಹಾಡಿದ ‘ಅಂತಿಂಥ ಹೆಣ್ಣು’ ಹಾಡು ಈಗಲೂ ಮದುವೆ ಮನೆಗಳಲ್ಲಿ ಕೇಳುತ್ತದೆ. ನನಗೆ ಅದಕ್ಕಿಂತ ಹೆಚ್ಚಿನವು ಮೋಹನಕುಮಾರಿ, ಸೋಹನಕುಮಾರಿ ಸೋದರಿಯರು ಅವರ ಜೊತೆ ದನಿಗೂಡಿಸಿದ ಹಾಡುಗಳು. ಹಳ್ಳಿಯ ಹೆಂಗಸರ ಪದಗಳನ್ನು ಸಭೆಯ ವೇದಿಕೆಗೆ ತಂದು, ಅವುಗಳ ಮಣ್ಣಿನ ವಾಸನೆ ಹೋಗದ ಹಾಗೆ ಹಾಡಿದರು.

1981ರಲ್ಲಿ ರಾಯರು ತೀರಿಕೊಂಡರು. ನೀನು ಹುಟ್ಟಲು ಇನ್ನೂ ಎಷ್ಟೋ ವರ್ಷವಿತ್ತು, ಹಾಗಾಗಿ ನಿನಗೆ ಅವರ ಹೆಸರು ಗೊತ್ತಿಲ್ಲವೆಂದು ನಾನು ಬೈಯುವುದಿಲ್ಲ. ಆದರೆ ಕಾಲೇಜಿನ ಕಾರ್ಯಕ್ರಮದಲ್ಲಿ ನೀನು ಹಾಡಿದ ವೀಡಿಯೊ ನೋಡಿದೆ. ಕಂಠ ಚೆನ್ನಾಗಿದೆ ಮಾಣಿ, ಪದಗಳನ್ನು ಮಾತ್ರ ನುಂಗುತ್ತೀಯ. ಸಾಲಿನ ಕೊನೆಯಂತೂ ಕೇಳುವುದೇ ಇಲ್ಲ.

ಒಂದು ಕೆಲಸ ಮಾಡು. ಲೈಬ್ರರಿಯಲ್ಲಿ ಬೇಂದ್ರೆಯವರ ‘ಗರಿ’ ಹುಡುಕಿ, ಅದರಲ್ಲಿರುವ ‘ಬೆಳಗು’ ಪದ್ಯವನ್ನು ನಾಲ್ಕು ಸಲ ಗಟ್ಟಿಯಾಗಿ ಓದು. ಆಮೇಲೆ ಕಾಳಿಂಗರಾಯರು ಹಾಡಿದ್ದನ್ನು ಕೇಳು. ಅದಾದ ಮೇಲೆ ರಾಜರತ್ನಂ ಅವರ ಎಂಡ್ಕುಡ್ಕ ರತ್ನನ ಪದ ಹಾಕು. ಬೆಳಗಿನ ಬೆರಗು ತುಂಬಿದ್ದ ಅದೇ ಗಂಟಲಲ್ಲಿ ಕುಡುಕನ ತೊದಲು ಹೇಗೆ ಹೊರಟಿತು, ಉಸಿರು ಎಲ್ಲಿ ತೆಗೆದುಕೊಂಡರು, ಯಾವ ಅಕ್ಷರದ ಮೇಲೆ ನಿಂತರು ಎಂದು ಗುರುತು ಹಾಕಿಕೊಂಡು ನನಗೆ ಬರೆ.

ನಿನ್ನ
ಅಜ್ಜಯ್ಯ