ಅಡಿಕೆಯ ಸೊಕ್ಕೂ ಪ್ರೋಟೀನಿನ ಆಕಾರವೂ

ಶಿವಮೊಗ್ಗ, ಭದ್ರಾವತಿಗಳ ಸುತ್ತಣ ಅಡಿಕೆ ತೋಟಗಳನ್ನು ಕಾಣದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ವಿರಳ. ಅಭ್ಯಾಸವಿಲ್ಲದವರು ಅಡಿಕೆಯನ್ನು ಅಗಿದರೆ ಬಾಯಲ್ಲಿ ನೀರೂರುತ್ತದೆ, ಮೈ ಬೆವರುತ್ತದೆ, ತಲೆ ಸುತ್ತುತ್ತದೆ. ‘ಅಡಿಕೆ ಸೊಕ್ಕಿತು’ ಎನ್ನುತ್ತಾರೆ ಜನ. ಇದಕ್ಕೆ ಕಾರಣವೇನು?

ನರದ ತುದಿಯಿಂದ ಒಸರುವ ಅಸಿಟೈಲ್‌ಕೋಲಿನ್ ಎಂಬ ವಸ್ತುವು ಲಾಲಾಗ್ರಂಥಿಯ ಜೀವಕೋಶಗಳಿಗೆ ‘ರಸವನ್ನು ಸುರಿಸಿ’ ಎಂಬ ಸಂಜ್ಞೆಯನ್ನು ಮುಟ್ಟಿಸುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ಈ ದೂತನ ವೇಷವನ್ನು ಧರಿಸಬಲ್ಲದು. ಸಂಜ್ಞೆಯನ್ನು ಮುಟ್ಟಿಸಲು ಇವು ಜೀವಕೋಶದ ಒಳಹೊಗಬೇಕಾಗಿಲ್ಲ. ಕೋಶದ ಪೊರೆಯನ್ನು ಏಳು ಸಲ ಹಾದುನಿಂತ ಗ್ರಾಹಕವೆಂಬ ಪ್ರೋಟೀನಿಗೆ ಹೊರಗಿನಿಂದ ಅಂಟಿಕೊಂಡರೆ ಸಾಕು.

ಹೊರಗೆ ಅಂಟಿದರೆ ಒಳಗೆ ಕೆಲಸ ನಡೆಯುವುದೆಂತು? ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವು ಪರಮಾಣುವಿನ ಅಳತೆಯ ಸಾವಿರಾರು ಪಟ್ಟು. ಆದ್ದರಿಂದ ಬೆಳಕಿನ ಸೂಕ್ಷ್ಮದರ್ಶಕದಿಂದ ಇದನ್ನು ಅರಿಯಲಾಗದು. ಪ್ರೋಟೀನನ್ನು ಹರಳುಗಟ್ಟಿಸಿ, ಪರಮಾಣುವಿನಷ್ಟೇ ಅಲೆಯುದ್ದವುಳ್ಳ ಕ್ಷ-ಕಿರಣಗಳನ್ನು ಹಾಯಿಸಬೇಕು. 2012ರಲ್ಲಿ ಇಂಥ ಎರಡು ಬಗೆಯ ಗ್ರಾಹಕಗಳ ಆಕಾರ ಬಯಲಾಯಿತು. ಈ ಶೋಧನೆಯಲ್ಲಿ ಪಾಲ್ಗೊಂಡ ಬ್ರಯನ್ ಕೋಬಿಲ್ಕ ಅವರು, ಈ ಕುಲದ ಗ್ರಾಹಕಗಳ ಅಧ್ಯಯನಕ್ಕಾಗಿ, ಅದೇ ವರ್ಷ ರಾಬರ್ಟ್ ಲೆಫ್ಕೊವಿಟ್ಸ್ ಅವರೊಡನೆ ನೊಬೆಲ್ ಬಹುಮಾನವನ್ನು ಪಡೆದರು.

ಗ್ರಾಹಕದ ನಡುವಣ ಗುಳಿಯಲ್ಲಿ ಋಣ ವಿದ್ಯುದಂಶವುಳ್ಳ ಆಸ್ಪಾರ್ಟಿಕ್ ಆಮ್ಲದ ಒಂದು ಘಟಕವಿದೆ. ದೂತಾಣುವಿನ ಸಾರಜನಕದ ಕಡೆ ಧನ ವಿದ್ಯುದಂಶವಿದೆ. ವಿಜಾತೀಯ ವಿದ್ಯುದಂಶಗಳು ಪರಸ್ಪರ ಆಕರ್ಷಿಸುವುದನ್ನು ನೀವು ತರಗತಿಯಲ್ಲಿ ಕಲಿತಿದ್ದೀರಿ. ದೂತ ಕುಳಿತೊಡನೆ ಗುಳಿ ಕುಗ್ಗುತ್ತದೆ. ಆರನೆಯ ಸುರುಳಿಯ ಒಳತುದಿ ಪಕ್ಕಕ್ಕೆ ಸರಿದು, ಕೋಶದೊಳಗಡೆ ಒಂದು ಸಂದು ತೆರೆಯುತ್ತದೆ. 2013ರಲ್ಲಿ ಪ್ರಕಟವಾದ ಚಿತ್ರದಲ್ಲಿ ಈ ಚಲನೆ ಕಂಡುಬಂದಿತು. ಆ ಸಂದಿನಲ್ಲಿ ಜಿ-ಪ್ರೋಟೀನು ಕೂತು ಸಂಜ್ಞೆಯನ್ನು ಮುಂದಕ್ಕೆ ಸಾಗಿಸುತ್ತದೆ. ಕೆರೆಯ ಏರಿಯ ಮೇಲೆ ನಿಂತು ತೂಬನ್ನು ಎತ್ತಿದರೆ ಆಚೆಯ ಗದ್ದೆಗೆ ನೀರು ಹರಿಯುವುದಿಲ್ಲವೆ? ಇದೂ ಹಾಗೆಯೆ.

ಎತ್ತಿದ ತೂಬನ್ನು ಮುಚ್ಚದಿದ್ದರೆ ಗದ್ದೆ ಕೊಚ್ಚಿಹೋದೀತು. ದುಡಿದ ಗ್ರಾಹಕದ ಒಳಭಾಗಕ್ಕೆ ಕೆಲವು ಕಿಣ್ವಗಳು ಫಾಸ್ಫೇಟನ್ನು ಸೇರಿಸುತ್ತವೆ. ಆಗ ಅರೆಸ್ಟಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಅದೇ ಸಂದನ್ನು ಆಕ್ರಮಿಸುತ್ತದೆ, ಜಿ-ಪ್ರೋಟೀನಿಗೆ ಎಡೆಯಿಲ್ಲದಾಗುತ್ತದೆ. 2020ರ ಚಿತ್ರವೊಂದು ಇದನ್ನು ಸ್ಪಷ್ಟಪಡಿಸಿತು. ಹೀಗೆ ಒಂದೇ ಸಂದಿಗಾಗಿ ನಡೆಯುವ ಪೈಪೋಟಿಯೇ ಸಂಜ್ಞೆಯ ನಿಯಂತ್ರಣ.

ಈ ತಿಳಿವಳಿಕೆಯಿಂದ ಬೇಕಾದ ಗುಳಿಗೆ ಮಾತ್ರ ಹೊಂದುವ ಔಷಧಗಳನ್ನು ರೂಪಿಸಲು ದಾರಿ ತೆರೆದಿದೆ. ಆದರೆ ಸೊಕ್ಕು ಇಳಿದರೆ ಅಡಿಕೆ ನಿರಪಾಯವೆಂದು ಭಾವಿಸಲಾಗದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಗ್ರಾಹಕವು ತನ್ನ ಸಂಜ್ಞೆಯನ್ನು ತಾನೇ ಅಡಗಿಸಿಕೊಳ್ಳಬಲ್ಲದು. ಅಗಿಯುವ ಚಟವನ್ನು ಅಡಗಿಸುವ ಹೊಣೆ ನಮ್ಮದು.