ಶಿಬಿರಕ್ಕೆ ಎಂತಹ ಡೇರೆ?

ಸ್ಕೌಟು ಶಿಬಿರವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಡೇರೆ. 1907ರಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರವನ್ನು ನಡೆಸಿದಾಗಲೂ ಅಲ್ಲಿದ್ದುದು ಡೇರೆಗಳೇ. ಆದರೆ ಆ ದ್ವೀಪಕ್ಕೆ ಒಪ್ಪಿದ ಡೇರೆ ನಮ್ಮ ಕಾಸರಗೋಡಿನ ಪಾರೆಗೆ ಒಪ್ಪಬೇಕೆಂದಿಲ್ಲ. ನಮ್ಮ ದಳವು ಹಳೆಯ ಡೇರೆಗಳ ಬದಲಿಗೆ ಹೊಸತನ್ನು ಕೊಳ್ಳಲು ಹೊರಟಿದೆ. ರಕ್ಷಕರು ಕೂಡಿಸಿಕೊಟ್ಟ ಹಣವಿದು. ಎರಡನೆಯ ಸಲ ಕೇಳುವಂತಿಲ್ಲ. ಮಾತ್ರವಲ್ಲ, ಒಂದು ರಾತ್ರಿ ನೆನೆದು ಬಂದ ಹುಡುಗನನ್ನು ಮನೆಯವರು ಮುಂದಿನ ವರ್ಷ ಕಳುಹಿಸುವುದೂ ಇಲ್ಲ. ಆದುದರಿಂದ ಸ್ವಲ್ಪ ವಿಚಾರ ಮಾಡೋಣ.

ಮೊದಲು ನೆಲವನ್ನು ನೋಡೋಣ. ಎರಡು ಕಂಬ ನೆಟ್ಟು, ಸುತ್ತಲೂ ಹಗ್ಗ ಎಳೆದು ಕಟ್ಟುವ ಹಳೆಯ ಮಾದರಿಯ ಡೇರೆಯ ಜೀವವೆಲ್ಲ ಗೂಟದಲ್ಲಿದೆ. ನಮ್ಮಲ್ಲಿ ಬಯಲೆಂದರೆ ಮುರಕಲ್ಲಿನ ಪಾರೆ. ಅಲ್ಲಿ ಗೂಟ ಬಡಿದರೆ ಬಾಗುವುದು ಗೂಟವೇ ಹೊರತು ಕಲ್ಲು ಬಿರಿಯುವುದಿಲ್ಲ. ಹಾಗಾದರೆ ಮೆದು ಮಣ್ಣಿರುವ ತೋಟಕ್ಕೆ ಹೋಗೋಣವೆಂದರೆ, ತೆಂಗಿನ ಮರದಡಿಯಲ್ಲಿ ಮಲಗುವ ಧೈರ್ಯ ಯಾರಿಗಿದೆ? ನಮಗೆ ಬೇಕಾದುದು ಗುಮ್ಮಟದಾಕಾರದ ಡೇರೆ. ಬಾಗುವ ಎರಡು ಕಡ್ಡಿಗಳು ನೆತ್ತಿಯಲ್ಲಿ ಒಂದನ್ನೊಂದು ದಾಟಿ ಬಿಲ್ಲಿನಂತೆ ಬಿಗಿದು ನಿಲ್ಲುವುದರಿಂದ ಅದು ಗೂಟವಿಲ್ಲದೆಯೇ ಎದ್ದು ನಿಲ್ಲುತ್ತದೆ. ಆದರೆ ಗಾಳಿಗೆ ಹಾರಿಯೂ ಹೋಗುತ್ತದೆ! ಹಗ್ಗಗಳನ್ನು ದೊಡ್ಡ ಕಲ್ಲುಗಳಿಗೆ ಕಟ್ಟಿ, ಚೀಲಗಳನ್ನು ಒಳಗೆ ಮೂಲೆಗಳಲ್ಲಿ ಇಡಬೇಕು.

ಇನ್ನು ಬಟ್ಟೆ. ಹತ್ತಿಯ ಕ್ಯಾನ್‌ವಾಸು ಕೆಟ್ಟದ್ದೇನಲ್ಲ. ನೆನೆದಾಗ ಅದರ ನೂಲು ಉಬ್ಬಿ ರಂಧ್ರಗಳನ್ನು ಮುಚ್ಚುತ್ತದೆ; ಒಳಗಿನ ಉಸಿರೂ ತಕ್ಕಮಟ್ಟಿಗೆ ಹೊರಹೋಗುತ್ತದೆ. ಆದರೆ ಭಾರ ಬಹಳ, ಒಣಗುವುದು ನಿಧಾನ. ನಮ್ಮ ತೇವದ ಹವೆಯಲ್ಲಿ ಹಸಿಯಾಗಿ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಹೆಗಲ ಮೇಲೆ ಹೊತ್ತು ರಾಣಿಪುರದ ಗುಡ್ಡೆ ಹತ್ತುವ ನಮಗೆ ಪಾಲಿಯೆಸ್ಟರೇ ಲೇಸು. ನೈಲಾನು ಇನ್ನೂ ಹಗುರ, ಆದರೆ ನೆನೆದರೆ ಹಿಗ್ಗಿ ಜೋಲುತ್ತದೆ.

ಈ ಬಟ್ಟೆಗಳ ಮೇಲೆ 1,500 ಮಿ.ಮೀ., 3,000 ಮಿ.ಮೀ. ಎಂದು ಬರೆದಿರುತ್ತಾರೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯವರಾದ ನಾವು ಇದನ್ನೂ ಮಳೆಯ ಅಳತೆಯೆಂದು ತಿಳಿಯಬಾರದು. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಂತರೂ ನೀರು ಜಿನುಗುವುದಿಲ್ಲ ಎಂದು ಅರ್ಥ. ಎತ್ತರ ಹೆಚ್ಚಿದಂತೆ ಒತ್ತಡ ಹೆಚ್ಚುವುದೆಂದು ತರಗತಿಯಲ್ಲಿ ಕಲಿತಿದ್ದೇವಲ್ಲ, ಅದೇ ತತ್ತ್ವ. ಮೊಣಕಾಲು, ಮೊಣಕೈಗಳು ಒತ್ತುವ ತಳದ ಬಟ್ಟೆಗೆ ಈ ಅಂಕೆ ಚಾವಣಿಯದಕ್ಕಿಂತ ಹೆಚ್ಚಿರಬೇಕು.

ಮಳೆ ಬಾರದ ಡಿಸೆಂಬರಿನಲ್ಲಿಯೂ ಡೇರೆಯೊಳಗೆ ನೀರು ತೊಟ್ಟಿಕ್ಕುವುದುಂಟು. ಅದು ಸೋರಿಕೆಯಲ್ಲ, ನಮ್ಮದೇ ಉಸಿರು. ಒಬ್ಬನ ಉಸಿರು ಬೆವರುಗಳಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರಿನಷ್ಟು ನೀರು ಆವಿಯಾಗುತ್ತದೆ. ಇಬ್ಬನಿ ಬಿದ್ದು ತಣ್ಣಗಾದ ಚಾವಣಿಗೆ ತಾಗಿ ಅದು ಹನಿಗಟ್ಟುತ್ತದೆ. ಆದುದರಿಂದ ಒಂದೇ ಪದರದ ಡೇರೆ ಅಗ್ಗವಾದರೂ ಬೇಡ. ಒಳಗೆ ಗಾಳಿಯಾಡುವ ತೆಳುಬಟ್ಟೆ, ಹೊರಗೆ ನೀರು ತಡೆಯುವ ಹೊದಿಕೆ, ನಡುವೆ ಬೆರಳು ನಾಲ್ಕರಷ್ಟು ಎಡೆ, ಮೇಲ್ಭಾಗದಲ್ಲಿ ಗಾಳಿಕಂಡಿ ಇವಿಷ್ಟು ಇರಲೇಬೇಕು. ಚಳಿಯೆಂದು ಕಂಡಿಯನ್ನು ಮುಚ್ಚಬಾರದು. ಒಳಗೆ ಚಿಮಿಣಿ ದೀಪ, ಒಲೆಗಳಂತೂ ಸರ್ವಥಾ ಕೂಡದು. ಬೆಂಕಿಯ ಭಯ ಒಂದಾದರೆ, ವಾಸನೆಯಿಲ್ಲದ ವಿಷಾನಿಲದ ಭಯ ಇನ್ನೊಂದು.

‘ನಾಲ್ವರ ಡೇರೆ’ ಎಂಬುದು ಅಂಗಡಿಯ ಲೆಕ್ಕ. ತಲೆಗೆ 60 ಸೆ.ಮೀ. ಅಗಲದಂತೆ ಮತ್ತಿಯ ಮೀನಿನ ಹಾಗೆ ಮಲಗಿದರೆ ನಾಲ್ವರು. ಚೀಲ, ಬೂಟುಗಳೊಂದಿಗೆ ಮೂವರು.

ಹಣ ಕೊಡುವ ಮೊದಲು ಒಂದನ್ನು ಶಾಲೆಯ ಅಂಗಳದಲ್ಲಿ ಎತ್ತಿ ನಿಲ್ಲಿಸಿ, ಹೊಲಿಗೆಗಳ ಮೇಲೆ ನಾಲ್ಕು ಕೊಡ ನೀರು ಸುರಿದು ನೋಡಲು ಅಂಗಡಿಯವರು ಒಪ್ಪುವರೇ ಎಂದು ಕೇಳಬೇಕು. ಒಳಗೆ ಕುಳಿತು ನೋಡಲು ಎಂಟನೆಯ ತರಗತಿಯ ಹುಡುಗರು ಈಗಲೇ ಸಿದ್ಧರಾಗಿದ್ದಾರೆ.